ಇವಿ (ಎಲೆಕ್ಟ್ರಿಕ್ ಗಾಡಿ) ಜಾಸ್ತಿಯಾದರೆ ಉದ್ಯಮಬಾಗದ ಎರಕದ ಕೆಲಸ ಏನಾಗುತ್ತದೆ?

ಉದ್ಯಮಬಾಗದ ಎರಕದವ
ಭಾನುವಾರ, ಬೆಳಿಗ್ಗೆ 9:40

ಎಲ್ಲರಿಗೂ ನಮಸ್ಕಾರ. ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದೊಂದು ಸಣ್ಣ ಫೌಂಡ್ರಿ ಮತ್ತು ಮಷಿನ್ ಶಾಪ್ ಇದೆ. 22 ಜನ ಕೆಲಸಗಾರರು. ಬೀಡು ಕಬ್ಬಿಣದ ಎರಕ ಮಾಡುತ್ತೇವೆ. ಎಕ್ಸಾಸ್ಟ್ ಮ್ಯಾನಿಫೋಲ್ಡ್, ಫ್ಲೈವ್ಹೀಲ್, ಬ್ರೇಕ್ ಡ್ರಮ್, ಬೇರಿಂಗ್ ಕ್ಯಾಪ್, ಜೊತೆಗೆ ಸ್ವಲ್ಪ ಪಂಪಿನ ಬಾಡಿ. ಮುಕ್ಕಾಲು ಪಾಲು ಮಾಲು ಕೊಲ್ಲಾಪುರ, ಪುಣೆ ಕಡೆ ಹೋಗುತ್ತದೆ. ಅಲ್ಲಿಂದ ಯಾವ ಗಾಡಿಗೆ ಸೇರುತ್ತದೆ ಅಂತ ಎಷ್ಟೋ ಸಲ ನಮಗೇ ಗೊತ್ತಿರುವುದಿಲ್ಲ.

ಹೋದ ತಿಂಗಳು ಒಬ್ಬ ಹಳೇ ಗಿರಾಕಿಯಿಂದ ಶೆಡ್ಯೂಲ್ ಬಂತು. ಮ್ಯಾನಿಫೋಲ್ಡಿನ ಸಂಖ್ಯೆ ಅರ್ಧಕ್ಕೆ ಇಳಿದಿದೆ. ಫೋನ್ ಮಾಡಿ ಕೇಳಿದೆ. ರೇಟ್ ಜಾಸ್ತಿಯಾಯಿತಾ, ರಿಜೆಕ್ಷನ್ ಜಾಸ್ತಿ ಬಂತಾ? ಎರಡೂ ಅಲ್ಲ ಅಂದರು. ಮುಂದೆ ಬರುವ ಮಾಡೆಲ್ ಎಲೆಕ್ಟ್ರಿಕ್, ಅದರಲ್ಲಿ ಈ ಪಾರ್ಟೇ ಇಲ್ಲ. ಹೊಗೆ ಬಿಡದ ಗಾಡಿಗೆ ಹೊಗೆಯ ಕೊಳವೆ ಯಾಕೆ ಬೇಕು, ಅಲ್ವಾ.

ಅವತ್ತು ಸಂಜೆ ಎಲ್ಲರೂ ಹೋದ ಮೇಲೆ ಪ್ಯಾಟರ್ನ್ (ಮರಳಿನಲ್ಲಿ ಅಚ್ಚು ಒತ್ತುವ ಮಾದರಿ) ಇಡುವ ರ‍್ಯಾಕ್ ಮುಂದೆ ಸ್ವಲ್ಪ ಹೊತ್ತು ನಿಂತೆ. ಆ ಮ್ಯಾನಿಫೋಲ್ಡಿನ ಪ್ಯಾಟರ್ನಿಗೆ ಬಳಿದ ಕೆಂಪು ಬಣ್ಣ ಎರಡು ಕಡೆ ಪೂರ್ತಿ ಸವೆದಿದೆ. ಮೋಲ್ಡರ್ ಎತ್ತುವಾಗ ಕೈ ಹಿಡಿಯುವ ಜಾಗ ಅದು. 11 ವರ್ಷ ದಿನಾ ಎತ್ತಿ ಇಳಿಸಿದ್ದೇವೆ.

ಯೂಟ್ಯೂಬ್ ತೆರೆದರೆ ಅಮೆರಿಕದ ಟೆಸ್ಲಾ ಗೆಲ್ಲುತ್ತದಾ, ಚೀನಾದ ಬಿವೈಡಿ ಗೆಲ್ಲುತ್ತದಾ ಅಂತ ಜಗಳ. 2023ರಲ್ಲಿ ಕಾರು ರಫ್ತಿನಲ್ಲಿ ಚೀನಾ ಜಪಾನನ್ನು ಹಿಂದೆ ಹಾಕಿತು. 2024ರ ಡಿಸೆಂಬರ್‌ನಲ್ಲಿ ಫೋಕ್ಸ್‌ವ್ಯಾಗನ್ ಕಂಪನಿ ಜರ್ಮನಿಯಲ್ಲಿ 2030ರೊಳಗೆ 35,000 ಕೆಲಸ ಕಡಿಮೆ ಮಾಡಲು ಕಾರ್ಮಿಕ ಸಂಘದ ಜೊತೆ ಒಪ್ಪಂದ ಮಾಡಿಕೊಂಡಿತು. ಈ ಸುದ್ದಿ ನಾನೂ ಓದುತ್ತೇನೆ. ಆದರೆ ನನಗೆ ಬೇಕಾದ ಉತ್ತರ ಬೇರೆ. ನಮ್ಮ ಊರಿನ ಕುಲುಮೆಯಲ್ಲಿ ಕರಗುವ ಕಬ್ಬಿಣಕ್ಕೆ ಮುಂದೆ ಯಾವ ಕೆಲಸ ಉಳಿಯುತ್ತದೆ? ಗೊತ್ತಿದ್ದವರು ದಯವಿಟ್ಟು ಬರೆಯಿರಿ. ಗಾಡಿ ಓಡಿಸುವವರೂ ಬರೆಯಿರಿ.


ಚಿಕ್ಕೋಡಿಯಿಂದ ಪುಣೆಗೆ
ಭಾನುವಾರ, ಬೆಳಿಗ್ಗೆ 11:15

ಅಣ್ಣಾರೇ, ನಮಸ್ಕಾರ. ನಾನು ಚಿಕ್ಕೋಡಿ ಹತ್ತಿರದ ಹಳ್ಳಿಯವನು. ಎಂಟು ವರ್ಷದಿಂದ ಪುಣೆಯಲ್ಲಿದ್ದೇನೆ, ಗಾಡಿಯ ಮೋಟಾರ್ ಮತ್ತು ಗೇರ್‌ಬಾಕ್ಸ್ ಡಿಸೈನ್ ನನ್ನ ಕೆಲಸ. ಟೆಸ್ಲಾ, ಬಿವೈಡಿ ಸುದ್ದಿಯನ್ನು ಪೂರ್ತಿ ಬದಿಗಿಡಬೇಡಿ. ನಿಮ್ಮ ಶೆಡ್ಯೂಲ್ ಇಳಿದದ್ದಕ್ಕೂ ಅದಕ್ಕೂ ಸಂಬಂಧ ಇದೆ.

ಬಿವೈಡಿ 1995ರಲ್ಲಿ ಶೆನ್‌ಜೆನ್‌ನಲ್ಲಿ ಶುರುವಾದಾಗ ಕಾರಿನ ಕಂಪನಿ ಆಗಿರಲಿಲ್ಲ. ಬ್ಯಾಟರಿ ಕಂಪನಿ. ಮೊಬೈಲ್ ಫೋನಿಗೆ ಬ್ಯಾಟರಿ ಮಾಡಿ ಬೆಳೆದರು. 2003ರಲ್ಲಿ ಒಂದು ಸಣ್ಣ ಕಾರು ಕಾರ್ಖಾನೆ ಕೊಂಡುಕೊಂಡರು. 2022ರ ಮಾರ್ಚ್‌ನಲ್ಲಿ ಬರೀ ಪೆಟ್ರೋಲಿನ ಕಾರು ಮಾಡುವುದನ್ನೇ ನಿಲ್ಲಿಸಿದರು. 2024ರಲ್ಲಿ ಪ್ಲಗ್ ಇನ್ ಹೈಬ್ರಿಡ್ (ಚಾರ್ಜ್ ಮಾಡುವ ಬ್ಯಾಟರಿ, ಎಂಜಿನ್ ಎರಡೂ ಇರುವ ಗಾಡಿ) ಸೇರಿಸಿ 42 ಲಕ್ಷಕ್ಕೂ ಜಾಸ್ತಿ ಗಾಡಿ ಮಾರಿದರು. ಬರೀ ಬ್ಯಾಟರಿ ಕಾರು ಲೆಕ್ಕ ಹಿಡಿದರೆ 2025ರಲ್ಲಿ ಇವರದು ಸುಮಾರು 22 ಲಕ್ಷ, ಟೆಸ್ಲಾದ್ದು ಸುಮಾರು 16 ಲಕ್ಷ.

ನೂರು ವರ್ಷ ಕಾರಿನ ಗುಟ್ಟು ಎಂಜಿನ್ ಒಳಗಿತ್ತು. ಜರ್ಮನಿ, ಜಪಾನ್ ಅದರಲ್ಲಿ ಪಳಗಿದ್ದವು. ಹೊಸಬರು ಎಂಜಿನ್ ಕಲಿಯಲು ಹೋದರೆ ಎರಡು ತಲೆಮಾರು ಬೇಕಿತ್ತು. ಇವಿಯಲ್ಲಿ ಆ ಗುಟ್ಟು ಬ್ಯಾಟರಿಗೆ ಹೋಯಿತು. ಬ್ಯಾಟರಿ ಪ್ಯಾಕಿನ ಬೆಲೆ 2010ರಲ್ಲಿ ಒಂದು ಯೂನಿಟ್ ಕರೆಂಟು ಹಿಡಿಯುವಷ್ಟಕ್ಕೆ ಸಾವಿರ ಡಾಲರ್ ಮೇಲಿತ್ತು. 2024ಕ್ಕೆ ಸರಾಸರಿ 115 ಡಾಲರ್‌ಗೆ ಇಳಿಯಿತು. ಎಲ್‌ಎಫ್‌ಪಿ ಅಂತ ಕರೆಯುವ ಬ್ಯಾಟರಿಯಲ್ಲಿ ನಿಕ್ಕೆಲ್ ಬೇಡ, ಕೋಬಾಲ್ಟ್ ಬೇಡ. ಕಬ್ಬಿಣ ಮತ್ತು ಫಾಸ್ಫೇಟ್ ಮೇಲೆ ನಡೆಯುತ್ತದೆ. ಅದನ್ನು ಅಗ್ಗಕ್ಕೆ ಮಾಡುವುದು ಚೀನಾದವರಿಗೆ ಒಲಿದಿದೆ.

ಇದು ಒಂದು ದಿನದಲ್ಲಿ ಆಗಲಿಲ್ಲ. ಅಲ್ಲಿನ ಸರ್ಕಾರ 2009ರಲ್ಲೇ ಸಹಾಯಧನ ಶುರು ಮಾಡಿತು. ಕೊಳ್ಳುವವರಿಗೆ ಕೊಡುತ್ತಿದ್ದ ಹಣ ನಿಲ್ಲಿಸಿದ್ದು 2022ರ ಕೊನೆಗೆ. 2024ರ ಜುಲೈ ಹೊತ್ತಿಗೆ ಅಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಪ್ಲಗ್ ಚುಚ್ಚುವ ಗಾಡಿಗಳೇ. ಇಷ್ಟು ದೊಡ್ಡ ಮಾರುಕಟ್ಟೆ ಆ ಕಡೆ ವಾಲಿದ ಮೇಲೆ ಜಗತ್ತಿನ ಬೇರೆ ಕಂಪನಿಗಳು ಹೊಸ ಎಂಜಿನ್ ಮೇಲೆ ಹಣ ಹಾಕಲು ಹಿಂದೆ ಮುಂದೆ ನೋಡುತ್ತವೆ. ನಿಮ್ಮ ಮ್ಯಾನಿಫೋಲ್ಡ್ ಅಲ್ಲಿ ಸಿಕ್ಕಿಕೊಂಡಿದೆ.

ಯಾವ ಪಾರ್ಟ್ ಉಳಿಯುತ್ತದೆ ಅನ್ನುವುದನ್ನು ರಾತ್ರಿ ಬರೆಯುತ್ತೇನೆ. ಈಗ ಊರಿಂದ ಅವ್ವ ಬಂದಿದ್ದಾಳೆ.


ಕೆಎ28 ಚಾಲಕ
ಭಾನುವಾರ, ಮಧ್ಯಾಹ್ನ 1:05

ಪುಣೆ ಸರ್ ಹೇಳಿದ್ದು ಚೀನಾ ಮಾತು. ನಾನು ವಿಜಯಪುರದ ಮಾತು ಹೇಳುತ್ತೇನೆ. ನನ್ನದು ಏಳು ಸೀಟಿನ ಡೀಸೆಲ್ ಗಾಡಿ. ವಿಜಯಪುರದಿಂದ ಸೊಲ್ಲಾಪುರದ ಮೇಲೆ ಪುಣೆಗೆ ಒಂದು ಕಡೆಗೇ 350 ಕಿಲೋಮೀಟರ್ ಆಗುತ್ತದೆ. ಆಸ್ಪತ್ರೆಗೆ ಹೋಗುವವರು, ವಿಮಾನ ಹಿಡಿಯುವವರು ಕೂತಿರುತ್ತಾರೆ. ನಡುವೆ ಒಂದು ತಾಸು ನಿಲ್ಲಿಸುತ್ತೇನೆ ಅಂದರೆ ಅವರು ಮುಂದಿನ ಸಲ ಬೇರೆಯವರಿಗೆ ಫೋನ್ ಮಾಡುತ್ತಾರೆ.

ನನ್ನ ಗೆಳೆಯ ಇವಿ ಟ್ಯಾಕ್ಸಿ ತಗೊಂಡ. ಹೋದ ಮೇ ತಿಂಗಳು ಒಂದು ಧಾಬಾ ಹತ್ತಿರ ಚಾರ್ಜರ್ ಇದೆ ಅಂತ ಆಪ್ ತೋರಿಸಿತು. ಹೋಗಿ ನೋಡಿದರೆ ಯಂತ್ರದ ಪರದೆ ಕಪ್ಪು. ಫೋನ್ ಎತ್ತುವವರಿಲ್ಲ. ಬ್ಯಾಟರಿ ನೂರಕ್ಕೆ 14 ಉಳಿದಿತ್ತು. ಎಸಿ ಬಂದ್ ಮಾಡಿ, ಕಿಟಕಿ ಇಳಿಸಿ, 40ರ ವೇಗದಲ್ಲಿ ಮುಂದಿನ ಊರು ಮುಟ್ಟಿದ. ಹಿಂದಿನ ಸೀಟಿನಲ್ಲಿ ಡಯಾಲಿಸಿಸ್ ಮಾಡಿಸಿಕೊಂಡು ಬರುತ್ತಿದ್ದ ಅಜ್ಜ. ವಿಜಯಪುರದ ಮೇ ತಿಂಗಳ ಬಿಸಿಲು ಎಲ್ಲರಿಗೂ ಗೊತ್ತು. ಅವನು ಆ ಅಜ್ಜನ ಮುಖ ಇನ್ನೂ ಮರೆತಿಲ್ಲ.

ಡೀಸೆಲ್ ಗಾಡಿ ಐದು ವರ್ಷ ಬಿಟ್ಟು ಮಾರಿದರೂ ಕೈಗೆ ಒಳ್ಳೆ ದುಡ್ಡು ಬರುತ್ತದೆ. ಬ್ಯಾಟರಿ ಗಾಡಿಯ ಹಳೇ ಬೆಲೆ ಎಷ್ಟು ಅಂತ ನಮ್ಮ ಕಡೆ ಯಾರೂ ಗಟ್ಟಿಯಾಗಿ ಹೇಳುವುದಿಲ್ಲ. ಸಾಲ ಮಾಡಿ ಗಾಡಿ ತರುವವನಿಗೆ ಇದು ದೊಡ್ಡ ಮಾತು. ಅಣ್ಣಾರೇ, ನಿಮ್ಮ ಬ್ರೇಕ್ ಡ್ರಮ್ಮು ಇನ್ನೂ ಹದಿನೈದು ವರ್ಷ ನಡೆಯುತ್ತದೆ, ಧೈರ್ಯವಾಗಿರಿ.


ನವನಗರ ಟೀಚರ್
ಭಾನುವಾರ, ಮಧ್ಯಾಹ್ನ 3:30

ಚಾಲಕ ಅಣ್ಣಾ, ನಿಮ್ಮ ಗೆಳೆಯರ ಕಷ್ಟ ಓದಿ ಬೇಜಾರಾಯಿತು. ಬಾಡಿಗೆ ಗಾಡಿಗೆ ನೀವು ಹೇಳಿದ್ದು ಸರಿ. ಆದರೆ ನನ್ನಂಥವರ ಲೆಕ್ಕ ಬೇರೆ.

ನಾನು ಬಾಗಲಕೋಟೆ ನವನಗರದಲ್ಲಿದ್ದೇನೆ. ಶಾಲೆಗೆ ಹೋಗಿ ಬರಲು ದಿನಾ 64 ಕಿಲೋಮೀಟರ್. 30 ಯೂನಿಟ್ ಬ್ಯಾಟರಿಯ ಕಾರು ತಗೊಂಡು ಎರಡು ವರ್ಷವಾಯಿತು. ಒಂದು ಯೂನಿಟ್‌ಗೆ ಏಳು ಕಿಲೋಮೀಟರ್ ಸಿಗುತ್ತದೆ. ಮನೆ ಕರೆಂಟಿನಲ್ಲಿ ಕಿಲೋಮೀಟರಿಗೆ ಒಂದು ರೂಪಾಯಿ ಆಸುಪಾಸು. ಮೊದಲು ಪೆಟ್ರೋಲ್ ಕಾರಿಗೆ ಆರು ರೂಪಾಯಿ ಮೇಲೆ ಬೀಳುತ್ತಿತ್ತು. ರಾತ್ರಿ ಒಂಬತ್ತಕ್ಕೆ 15 ಆಂಪಿಯರ್ ಪ್ಲಗ್ಗಿಗೆ ಹಾಕಿದರೆ ಬೆಳಿಗ್ಗೆ ತುಂಬಿರುತ್ತದೆ.

ಒಂದು ಮಾತು ಯಾವ ಶೋರೂಮಿನಲ್ಲೂ ಹೇಳಲಿಲ್ಲ, ಇಲ್ಲಿ ಬರೆಯುತ್ತೇನೆ. ಮನೆಯ ಅರ್ಥಿಂಗ್ ಸರಿ ಇರಬೇಕು. ಮೊದಲ ಬೇಸಿಗೆಯಲ್ಲಿ ನನ್ನ ಚಾರ್ಜರ್ ಕೆಂಪು ದೀಪ ತೋರಿಸಿ ನಿಂತುಬಿಡುತ್ತಿತ್ತು. ಕಾರೇ ಕೆಟ್ಟಿತು ಅಂತ ಅಳು ಬಂತು. ಆಮೇಲೆ ತಿಳಿದ ಎಲೆಕ್ಟ್ರಿಷಿಯನ್ ಒಬ್ಬರು ಬಂದು ಅರ್ಥಿಂಗ್ ಗುಂಡಿ ತೆಗೆಸಿ ನೋಡಿದರು. ಒಳಗೆ ಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ಇದ್ದಿಲು, ಉಪ್ಪು ಹಾಕಿ ಮತ್ತೆ ತುಂಬಿಸಿದರು. ಈಗ ಮಾರ್ಚ್‌ನಿಂದ ಮಳೆ ಬರುವವರೆಗೆ ಎರಡು ದಿನಕ್ಕೊಮ್ಮೆ ಆ ಗುಂಡಿಗೆ ಒಂದು ಕೊಡ ನೀರು ಹಾಕುತ್ತೇನೆ. ತುಳಸಿಗೆ ಹಾಕಿದ ಮೇಲೆ ಇದಕ್ಕೆ. ಆಮೇಲೆ ಒಂದು ಸಲವೂ ತೊಂದರೆ ಬಂದಿಲ್ಲ.


ಮುಧೋಳದ ಕಬ್ಬು
ಭಾನುವಾರ, ಸಂಜೆ 6:10

ಇಷ್ಟು ಹೊತ್ತು ಓದಿದೆ. ರೈತನ ಮಾತೂ ಬರಲಿ. ನಮ್ಮದು ಮುಧೋಳ ತಾಲೂಕು, ಎಂಟು ಎಕರೆ ಕಬ್ಬು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಯಲ್ಲಿ ಕಬ್ಬು ಎಷ್ಟು ಮನೆ ನಡೆಸುತ್ತದೆ ನೋಡಿ. ಪೆಟ್ರೋಲಿಗೆ ನೂರಕ್ಕೆ 20 ಎಥೆನಾಲ್ ಬೆರೆಸುವ ಗುರಿ ಮೊದಲು 2030ಕ್ಕೆ ಇತ್ತು, ಅದನ್ನು 2025ಕ್ಕೇ ತಂದರು. ನಮಗೆ ಒಳ್ಳೆಯದಾಯಿತು ಅಂದುಕೊಂಡೆವು. 2023ರ ಡಿಸೆಂಬರ್‌ನಲ್ಲಿ ಕಬ್ಬಿನ ರಸದಿಂದ ಎಥೆನಾಲ್ ಮಾಡಬೇಡಿ ಅಂತ ಸರ್ಕಾರ ತಡೆದಾಗ ಎಷ್ಟು ಗಾಬರಿಯಾಯಿತು ಅಂತ ನಮಗೇ ಗೊತ್ತು. ಆಮೇಲೆ ತಡೆ ತೆಗೆದರು.

ಈಗ ಎಲ್ಲರೂ ಕರೆಂಟಿನ ಗಾಡಿ ತಗೊಂಡರೆ ಎಥೆನಾಲ್ ಯಾರಿಗೆ ಬೇಕು? ಫ್ಯಾಕ್ಟರಿಗಳು ಡಿಸ್ಟಿಲರಿಗೆ ಸಾಲ ಮಾಡಿವೆ. ಅವರಿಗೆ ಕಷ್ಟ ಬಂದರೆ ಮೊದಲು ನಿಲ್ಲುವುದು ನಮ್ಮ ಬಿಲ್ಲು. ಎರಕದ ಅಣ್ಣನಿಗೆ ಇರುವ ಚಿಂತೆ ನನಗೂ ಇದೆ.


ಚಿಕ್ಕೋಡಿಯಿಂದ ಪುಣೆಗೆ
ಭಾನುವಾರ, ರಾತ್ರಿ 9:50

ಕಾಕಾ, ಇದಕ್ಕೆ ಬ್ರೆಜಿಲ್ ಕಡೆ ನೋಡಬೇಕು. ನಮ್ಮ ಹಾಗೇ ಕಬ್ಬಿನ ದೇಶ. 2003ರಿಂದ ಅಲ್ಲಿ ಪೆಟ್ರೋಲ್, ಎಥೆನಾಲ್ ಯಾವುದು ಹಾಕಿದರೂ ಓಡುವ ಫ್ಲೆಕ್ಸ್ ಕಾರು ಮಾರುತ್ತಿದ್ದಾರೆ. ಬಾಹಿಯಾ ರಾಜ್ಯದ ಕಮಸಾರಿ ಅನ್ನುವ ಊರಿನಲ್ಲಿ ಫೋರ್ಡ್ ಕಾರ್ಖಾನೆ ಇತ್ತು. 2021ರಲ್ಲಿ ಮುಚ್ಚಿದರು. ಆ ಜಾಗಕ್ಕೆ ಈಗ ಬಿವೈಡಿ ಬಂದಿದೆ. ಬಂದವರು ಎಥೆನಾಲ್‌ಗೂ ಓಡುವ ಪ್ಲಗ್ ಇನ್ ಹೈಬ್ರಿಡ್ ತಯಾರು ಮಾಡಿದ್ದಾರೆ. ಊರೊಳಗೆ ಕರೆಂಟು, ದೂರಕ್ಕೆ ಎಥೆನಾಲ್. ನಮ್ಮ ಮೂರು ಜಿಲ್ಲೆಗೆ ಇಂಥ ಗಾಡಿ ಸರಿಹೋಗುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಚಾಲಕ ಅಣ್ಣನ ಪುಣೆ ಬಾಡಿಗೆಗೂ ಇದು ಆಗುತ್ತದೆ. ಇದನ್ನು ನಾವು ಜೋರಾಗಿ ಕೇಳಬೇಕು.

ಈಗ ಎರಕದ ಅಣ್ಣನಿಗೆ. ನಿಮ್ಮ ಪಟ್ಟಿ ಹಿಡಿದು ಹೇಳುತ್ತೇನೆ. ಎಕ್ಸಾಸ್ಟ್ ಮ್ಯಾನಿಫೋಲ್ಡ್, ಫ್ಲೈವ್ಹೀಲ್, ಬೇರಿಂಗ್ ಕ್ಯಾಪ್ ಇವು ಎಂಜಿನ್ ಜೊತೆ ಹೋಗುತ್ತವೆ. ನಾಳೆಯೇ ಅಲ್ಲ, ಆದರೆ ಹೋಗುತ್ತವೆ. ಭಾರತದಲ್ಲಿ ಈಗ ನೂರು ಹೊಸ ಕಾರಿನಲ್ಲಿ ನಾಲ್ಕೈದು ಮಾತ್ರ ಇವಿ. ಟ್ರ್ಯಾಕ್ಟರ್, ಲಾರಿ, ಜನರೇಟರ್ ಇನ್ನೂ ತುಂಬಾ ಕಾಲ ಡೀಸೆಲ್ಲೇ. ಹಾಗಾಗಿ ನಿಮಗೆ ಸಮಯ ಇದೆ. ಬ್ರೇಕ್ ಡ್ರಮ್ ಉಳಿಯುತ್ತದೆ. ಪಂಪಿನ ಬಾಡಿಗೂ ಗಾಡಿಗೂ ಸಂಬಂಧವೇ ಇಲ್ಲ.

ಎಲ್ಲರೂ ಅಲ್ಯೂಮಿನಿಯಂಗೆ ಹೋಗಿ ಅನ್ನುತ್ತಾರೆ. ಮೋಟಾರಿನ ಹೊರಕವಚ ಅಲ್ಯೂಮಿನಿಯಂ, ಹೌದು. ಆದರೆ ಅದಕ್ಕೆ ಡೈ ಕಾಸ್ಟಿಂಗ್ ಪ್ರೆಸ್ ಬೇಕು, ಡೈ ಬೇಕು, ಲೀಕ್ ಟೆಸ್ಟ್ ಬೇಕು. ಅಷ್ಟು ಹಣ ಹಾಕಿ ದೊಡ್ಡವರ ಎದುರು ನಿಲ್ಲುವುದು 22 ಜನರ ಶಾಪಿಗೆ ಕಷ್ಟ. ನಿಮಗೆ ಹತ್ತಿರದ ದಾರಿ ಬೇರೆ ಇದೆ. ಇವಿಯಲ್ಲೂ ಎರಡು ಚಕ್ರದ ನಡುವೆ ಡಿಫರೆನ್ಷಿಯಲ್ ಇರುತ್ತದೆ, ತಿರುವಿನಲ್ಲಿ ಎರಡೂ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಜೋಡಣೆ. ಅದರ ಕೇಸ್ ಹೆಚ್ಚಾಗಿ ಎಸ್‌ಜಿ ಐರನ್, ಅಂದರೆ ಒಳಗಿನ ಗ್ರಾಫೈಟ್ ಗುಂಡಗಿರುವ, ಸುಲಭಕ್ಕೆ ಒಡೆಯದ ಎರಕದ ಕಬ್ಬಿಣ. ಸ್ಟೀರಿಂಗ್ ನಕಲ್ (ಮುಂದಿನ ಚಕ್ರ ತಿರುಗಿಸುವ ಕೀಲು), ಹಬ್ ಇವೂ ಎಷ್ಟೋ ಗಾಡಿಗಳಲ್ಲಿ ಎಸ್‌ಜಿ. ನೀವು ಈಗ ಬರೀ ಗ್ರೇ ಐರನ್ (ಮಾಮೂಲಿ ಬೀಡು ಕಬ್ಬಿಣ) ಮಾಡುತ್ತೀರಾ, ಎಸ್‌ಜಿಯೂ ಮಾಡುತ್ತೀರಾ?


ಉದ್ಯಮಬಾಗದ ಎರಕದವ
ಭಾನುವಾರ, ರಾತ್ರಿ 10:20

ಬರೀ ಗ್ರೇ ಐರನ್ ತಮ್ಮಾ. ಐದು ವರ್ಷದ ಹಿಂದೆ ಎಸ್‌ಜಿ ಒಂದು ಲಾಟ್ ಮಾಡಿದ್ದೆವು. ಅರ್ಧಕ್ಕಿಂತ ಜಾಸ್ತಿ ರಿಜೆಕ್ಟ್ ಆಗಿ ವಾಪಸ್ ಬಂತು. ಆ ಲಾರಿ ಬಾಡಿಗೆಯೂ ನಮ್ಮ ತಲೆ ಮೇಲೆ. ಅವತ್ತಿಂದ ಅದರ ಹೆಸರು ಎತ್ತಿಲ್ಲ.


ಮೆಕ್ಯಾನಿಕಲ್ ಆರನೇ ಸೆಮ್
ಸೋಮವಾರ, ಬೆಳಿಗ್ಗೆ 8:05

ಸರ್, ನಾನು ಬೆಳಗಾವಿಯಲ್ಲೇ ಮೆಕ್ಯಾನಿಕಲ್ ಓದುತ್ತಿದ್ದೇನೆ. ನನ್ನ ಭಯ ಕೇಳಿ. ಟೆಸ್ಲಾದವರು ಮಾಡೆಲ್ ವೈ ಹಿಂಭಾಗದ ತಳವನ್ನು ಒಂದೇ ದೊಡ್ಡ ಅಲ್ಯೂಮಿನಿಯಂ ಎರಕದಲ್ಲಿ ಮಾಡಿದರು. ಮೊದಲು ಅದು ಸುಮಾರು 70 ತುಂಡು ಸೇರಿಸಿ ಮಾಡುವ ಕೆಲಸ. ಆರು ಸಾವಿರ ಟನ್ ಒತ್ತಡದ ಪ್ರೆಸ್ ಇಟಲಿಯಿಂದ ತರಿಸಿದ್ದರು. ಈ ದಾರಿಯಲ್ಲಿ ಎಲ್ಲರೂ ಹೋದರೆ ಸಣ್ಣ ಸಪ್ಲೈಯರ್ ಯಾಕೆ ಬೇಕು?

ಇನ್ನೊಂದು. ನಮ್ಮ ಕ್ಲಾಸಿನಲ್ಲಿ ಈಗ ಎಲ್ಲರೂ ಸಾಫ್ಟ್‌ವೇರ್ ಕಡೆ ಹೊರಟಿದ್ದಾರೆ. 2024ರ ಫೆಬ್ರವರಿಯಲ್ಲಿ ಆಪಲ್ ತನ್ನ ಕಾರಿನ ಯೋಜನೆ ಕೈಬಿಟ್ಟಿತು. ಮರು ತಿಂಗಳೇ ಶವೋಮಿ ತನ್ನ ಮೊದಲ ಕಾರು ಮಾರಾಟಕ್ಕೆ ಇಟ್ಟಿತು. ಎರಡೂ ಫೋನಿನ ಕಂಪನಿ. ಸಾಫ್ಟ್‌ವೇರ್ ಒಂದೇ ಸಾಕಾಗಿದ್ದರೆ ಆಪಲ್ ಬಿಡುತ್ತಿರಲಿಲ್ಲ ಅಂತ ನನಗೆ ಅನಿಸುತ್ತದೆ. ಸುತ್ತ ಬ್ಯಾಟರಿ, ಮೋಟಾರ್, ಎರಕ ಎಲ್ಲ ಮಾಡುವವರು ಇದ್ದರೆ ಮಾತ್ರ ಕಾರು ಆಗುತ್ತದೆ, ಅಲ್ವಾ? ಅದಕ್ಕೇ ನಾನು ಮೆಕ್ಯಾನಿಕಲ್ ಬಿಡುವುದಿಲ್ಲ ಅಂತ ಮನೆಯಲ್ಲಿ ಹೇಳಿದ್ದೇನೆ. ಅಪ್ಪನಿಗೆ ಇನ್ನೂ ನಂಬಿಕೆ ಬಂದಿಲ್ಲ.

ಕರೆಂಟಿನ ಗಾಡಿ ಅಂದರೆ ಕಲ್ಲಿದ್ದಲಿನ ಗಾಡಿ ಅಂತ ಅಪ್ಪ ಹೇಳುತ್ತಾರೆ. ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ 2,400 ಮೆಗಾವ್ಯಾಟ್ ಕಲ್ಲಿದ್ದಲಿನ ಸ್ಥಾವರ ಇದೆ, ಆಲಮಟ್ಟಿಯ ನೀರಿನ ಕರೆಂಟು 290 ಮೆಗಾವ್ಯಾಟ್. ಅಪ್ಪನಿಗೆ ಏನು ಉತ್ತರ ಕೊಡಲಿ?


ನವನಗರ ಟೀಚರ್
ಸೋಮವಾರ, ಮಧ್ಯಾಹ್ನ 1:40

ತಮ್ಮಾ, ಅಪ್ಪಾಜಿಗೆ ಹೀಗೆ ಹೇಳು. ಪೆಟ್ರೋಲ್ ಕಾರು ಹಳೆಯದಾದಂತೆ ಹೊಗೆ ಜಾಸ್ತಿಯಾಗುತ್ತದೆ. ಕರೆಂಟಿನ ಕಾರು ಹಾಗಲ್ಲ. ಸವದತ್ತಿ ಗುಡ್ಡದ ಮೇಲೆ ಗಾಳಿಯಂತ್ರ ಒಂದು ಜಾಸ್ತಿಯಾದರೂ, ಮನೆ ಮೇಲೆ ಸೋಲಾರ್ ಹಾಕಿದರೂ, ಅದೇ ಹಳೇ ಕಾರು ಮೊದಲಿಗಿಂತ ಸ್ವಚ್ಛ ಕರೆಂಟಿನಲ್ಲಿ ಓಡುತ್ತದೆ. ಶಾಲೆ ಗೇಟಿನ ಮುಂದೆ ಮಕ್ಕಳು ನಿಂತಿರುವಾಗ ನನ್ನ ಕಾರಿನಿಂದ ಹೊಗೆ ಬರುವುದಿಲ್ಲ. ನನಗೆ ಅದೂ ಮುಖ್ಯ.


ಖಾನಾಪುರ ರಸ್ತೆ ಗ್ಯಾರೇಜ್
ಸೋಮವಾರ, ರಾತ್ರಿ 8:45

ಬ್ರೇಕ್ ಡ್ರಮ್ ಉಳಿಯುತ್ತದೆ ಅಂತ ಪುಣೆಯವರು ಬರೆದಿದ್ದಾರೆ. ಒಂದು ಸಣ್ಣ ತಿದ್ದುಪಡಿ. ಗಾಡಿಯಲ್ಲಿ ಉಳಿಯುತ್ತದೆ, ಆದರೆ ಬದಲಿಸುವುದು ಕಡಿಮೆಯಾಗುತ್ತದೆ. ಇವಿಯಲ್ಲಿ ಕಾಲು ತೆಗೆದರೆ ಮೋಟಾರೇ ಗಾಡಿಯನ್ನು ಹಿಡಿದು ನಿಧಾನ ಮಾಡುತ್ತದೆ, ಆ ಶಕ್ತಿ ವಾಪಸ್ ಬ್ಯಾಟರಿಗೆ ಹೋಗುತ್ತದೆ. ಹೋದ ವಾರ 60 ಸಾವಿರ ಕಿಲೋಮೀಟರ್ ಓಡಿದ ಇವಿ ಬಂದಿತ್ತು. ಚಕ್ರ ಬಿಚ್ಚಿ ನೋಡಿದೆ. ಬ್ರೇಕ್ ಪ್ಯಾಡ್ ಅರ್ಧ ಕೂಡ ಸವೆದಿಲ್ಲ. ಡಿಸ್ಕಿನ ಅಂಚಿಗೆ ತುಕ್ಕು ಹಿಡಿದಿತ್ತು, ಉಜ್ಜುವುದೇ ಕಡಿಮೆ ಆದ್ದರಿಂದ. ಆಯಿಲ್ ಬದಲಿಸುವ ಕೆಲಸ ಇಲ್ಲ, ಕ್ಲಚ್ ಇಲ್ಲ, ಬೆಲ್ಟ್ ಇಲ್ಲ. ನಾನು ಆ ಗಾಡಿಗೆ ಮಾಡಿದ್ದು ಅಲೈನ್‌ಮೆಂಟ್ ಮತ್ತು ಎಸಿ ಫಿಲ್ಟರ್ ಮಾತ್ರ.

ನನ್ನ ಹತ್ತಿರ ಮೂವರು ಹುಡುಗರಿದ್ದಾರೆ. ಒಬ್ಬನನ್ನು ಹೈ ವೋಲ್ಟೇಜ್ ಕೆಲಸ ಕಲಿಯಲು ಕಳಿಸಬೇಕು ಅಂತ ಇದ್ದೇನೆ. ಕಿತ್ತಳೆ ಬಣ್ಣದ ಕೇಬಲ್ ಮುಟ್ಟುವ ಮೊದಲು ಏನೇನು ಬಂದ್ ಮಾಡಬೇಕು ಅಂತ ಕಲಿಯದೆ ಯಾರೂ ಕೈ ಹಾಕಬಾರದು, ಪ್ರಾಣಕ್ಕೆ ಅಪಾಯ.

ಆಟೋ ಕಡೆ ನೋಡಿ ಅಂತಲೂ ಹೇಳುತ್ತೇನೆ. ದೇಶದಲ್ಲಿ ಈಗ ಮಾರಾಟವಾಗುವ ಮೂರು ಚಕ್ರದ ಗಾಡಿಗಳಲ್ಲಿ, ಇ-ರಿಕ್ಷಾ ಸೇರಿಸಿದರೆ, ಅರ್ಧಕ್ಕಿಂತ ಜಾಸ್ತಿ ಎಲೆಕ್ಟ್ರಿಕ್. ಕಾರಿನಲ್ಲಿ ನಾಲ್ಕೈದು ಅಂತ ನೆಮ್ಮದಿಯಾಗಿ ಕೂರುವ ಹಾಗಿಲ್ಲ.


ಹಳೇ ಪ್ಯಾಟರ್ನ್ ಮೇಸ್ತ್ರಿ
ಮಂಗಳವಾರ, ಬೆಳಿಗ್ಗೆ 7:20

ಮೊಮ್ಮಗಳ ಕೈಯಲ್ಲಿ ಟೈಪ್ ಮಾಡಿಸುತ್ತಿದ್ದೇನೆ. ನಾನು 40 ವರ್ಷ ಉದ್ಯಮಬಾಗದಲ್ಲೇ ಕೆಲಸ ಮಾಡಿದವನು. ಶಹಾಪುರದಲ್ಲಿ ಮನೆ.

ನಾವು ಕೋಕ್ ಹಾಕಿ ಕ್ಯುಪೋಲಾದಲ್ಲಿ ಕಬ್ಬಿಣ ಕರಗಿಸುತ್ತಿದ್ದೆವು. ಇಂಡಕ್ಷನ್ ಫರ್ನೇಸ್ ಬಂದಾಗ ಹಳಬರು ಹತ್ತಿರ ಹೋಗಲಿಲ್ಲ. ಸಾಗವಾನಿ ಕಟ್ಟಿಗೆಯಲ್ಲಿ ಪ್ಯಾಟರ್ನ್ ಕೆತ್ತುತ್ತಿದ್ದೆ, ಆಮೇಲೆ ಅಲ್ಯೂಮಿನಿಯಂ ಪ್ಯಾಟರ್ನ್ ಬಂತು, ಆಮೇಲೆ ಕಂಪ್ಯೂಟರಿನಲ್ಲಿ ಕೆತ್ತುವ ಯಂತ್ರ. ನನಗೆ ಪ್ರತಿ ಸಲ ಕಷ್ಟವಾಯಿತು. ಕಲಿಯಲು ಎರಡು ಮೂರು ವರ್ಷ ಹಿಡಿಯಿತು. ಅಷ್ಟರಲ್ಲಿ ಕೆಲವು ಶಾಪ್ ಮುಚ್ಚಿದವು, ಅದನ್ನೂ ಹೇಳಬೇಕು.

ಎರಕದವರಿಗೆ ಒಂದು ಮಾತು. ನಿಮ್ಮ ಎಸ್‌ಜಿ ಲಾಟ್ ಯಾಕೆ ಕೆಟ್ಟಿತು ಅಂತ ನಾನು ಊಹಿಸಬಲ್ಲೆ. ಗ್ರೇ ಐರನ್‌ನಲ್ಲಿ ಗ್ರಾಫೈಟ್ ಪಕಳೆಯ ಹಾಗೆ ಇರುತ್ತದೆ. ಎಸ್‌ಜಿಯಲ್ಲಿ ಗುಂಡಗೆ ಇರಬೇಕು. ಗುಂಡಗಾಗಲು ಕರಗಿದ ಕಬ್ಬಿಣ ಹೊರುವ ಪಾತ್ರೆ, ಅಂದರೆ ಲೇಡಲ್‌ನಲ್ಲಿ ಮೆಗ್ನೀಸಿಯಂ ಮಿಶ್ರಣ ಹಾಕುತ್ತಾರೆ. ಹಾಕಿದ ಮೇಲೆ ಅದರ ಶಕ್ತಿ ನಿಮಿಷ ನಿಮಿಷಕ್ಕೂ ಇಳಿಯುತ್ತದೆ. ಹತ್ತು ನಿಮಿಷದೊಳಗೆ ಸುರಿದು ಮುಗಿಸಬೇಕು. ನಿಮ್ಮ ಹುಡುಗರು ಗ್ರೇ ಐರನ್ ಅಭ್ಯಾಸದಲ್ಲಿ ನಿಧಾನಕ್ಕೆ ಸುರಿದಿರಬೇಕು. ಕೊನೆಯ ಮೋಲ್ಡುಗಳು ಕೆಟ್ಟಿರುತ್ತವೆ. ಮೊದಲಿನವು ಚೆನ್ನಾಗಿಯೇ ಇರುತ್ತವೆ. ವಾಪಸ್ ಬಂದ ತುಂಡುಗಳ ಮೇಲೆ ಮೋಲ್ಡ್ ನಂಬರ್ ಹಾಕಿದ್ದಿರಾ?


ಉದ್ಯಮಬಾಗದ ಎರಕದವ
ಮಂಗಳವಾರ, ಬೆಳಿಗ್ಗೆ 7:55

ಹಾಕಿರಲಿಲ್ಲ ಅಜ್ಜಾರೇ. ಎಲ್ಲ ಒಂದೇ ರಾಶಿಗೆ ಹಾಕಿ ಮತ್ತೆ ಕರಗಿಸಿಬಿಟ್ಟೆವು. ಈಗ ನೀವು ಹೇಳಿದ ಮೇಲೆ ಹೊಳೆಯುತ್ತಿದೆ. ಅವತ್ತು ಲೇಡಲ್ ಒಂದೇ ಇತ್ತು, ಮೋಲ್ಡ್ ಸಾಲು ಬಾಗಿಲ ತನಕ ಇತ್ತು.


ಚಿಕ್ಕೋಡಿಯಿಂದ ಪುಣೆಗೆ
ಮಂಗಳವಾರ, ರಾತ್ರಿ 11:10

ಮೇಸ್ತ್ರಿ ಅಜ್ಜಾರ ಮಾತು ಓದಿ ಖುಷಿಯಾಯಿತು. ಇದು ಪುಸ್ತಕದಲ್ಲಿ ಎರಡು ಸಾಲಿನಲ್ಲಿ ಮುಗಿಯುತ್ತದೆ.

ಸೆಮ್ ಹುಡುಗನ ಭಯಕ್ಕೆ ಉತ್ತರ. ದೊಡ್ಡ ಪ್ರೆಸ್ ಎರಕ ಕಾರಿನ ಬಾಡಿ ಮಾಡಲು ಸರಿ. ತಿರುಗುವ, ಬಲ ತಡೆಯುವ ಪಾರ್ಟಿಗೆ ಎಲ್ಲ ಕಡೆ ಅದು ಆಗುವುದಿಲ್ಲ. ಇವಿ ಮೋಟಾರ್ ನಿಮಿಷಕ್ಕೆ 12ರಿಂದ 16 ಸಾವಿರ ಸುತ್ತು ತಿರುಗುತ್ತದೆ. ಎಂಜಿನ್ ಸದ್ದು ಇಲ್ಲದ ಕಾರಿನಲ್ಲಿ ಗೇರಿನ ಸಣ್ಣ ಕಿರುಗುಟ್ಟುವಿಕೆಯೂ ಕಿವಿಗೆ ಬೀಳುತ್ತದೆ. ಅದಕ್ಕೇ ಡಿಫರೆನ್ಷಿಯಲ್ ಕೇಸಿನ ಅಳತೆ ಮೊದಲಿಗಿಂತ ಬಿಗಿ. ಇದನ್ನು ಸರಿಯಾಗಿ ಮಾಡುವವರಿಗೆ ಕೆಲಸ ಇದೆ.

ಚೀನಾ ಗಾಡಿ ಬಂದು ಎಲ್ಲ ನುಂಗುತ್ತದಾ ಅಂತ ನನ್ನನ್ನು ಊರಿನಲ್ಲಿ ತುಂಬಾ ಜನ ಕೇಳುತ್ತಾರೆ. ಅಮೆರಿಕ 2024ರಲ್ಲಿ ಚೀನಾ ಇವಿಗೆ ನೂರಕ್ಕೆ ನೂರು ಸುಂಕ ಹಾಕಿತು. ಯುರೋಪ್ ಅದೇ ವರ್ಷ ಅಕ್ಟೋಬರ್‌ನಲ್ಲಿ ಮೊದಲಿದ್ದ 10ರ ಮೇಲೆ, ಕಂಪನಿ ನೋಡಿ, 35.3ರವರೆಗೆ ಹಾಕಿತು. ಬಿವೈಡಿ ಸುಮ್ನೆ ಕೂರಲಿಲ್ಲ. ಥಾಯ್ಲೆಂಡ್, ಬ್ರೆಜಿಲ್, ಹಂಗೇರಿ ಅಂತ ಕಾರ್ಖಾನೆಯನ್ನೇ ಅಲ್ಲಲ್ಲಿಗೆ ಒಯ್ಯುತ್ತಿದೆ. ನಮ್ಮಲ್ಲಿ 2023ರಲ್ಲಿ ಅವರ ಕಾರ್ಖಾನೆಯ ಪ್ರಸ್ತಾವಕ್ಕೆ ಒಪ್ಪಿಗೆ ಸಿಗಲಿಲ್ಲ. ಹೊರಗಿಂದ ಪೂರ್ತಿ ತಯಾರಾಗಿ ಬರುವ ಕಾರಿಗೆ ನಮ್ಮ ಸುಂಕ ದೊಡ್ಡದು. ಟೆಸ್ಲಾ 2025ರ ಜುಲೈನಲ್ಲಿ ಮುಂಬೈಯಲ್ಲಿ ಅಂಗಡಿ ತೆರೆದಾಗ ಮಾಡೆಲ್ ವೈ ಬೆಲೆ ಸುಮಾರು 60 ಲಕ್ಷದಿಂದ ಶುರು. ಹಾಗಾಗಿ ನಮ್ಮ ರಸ್ತೆಯ ಪೈಪೋಟಿ ಟಾಟಾ, ಮಹೀಂದ್ರ, ಎಂಜಿ, ಹ್ಯುಂಡೈ, ಮಾರುತಿ ನಡುವೆ. ಮಾರುತಿ 2025ರ ಆಗಸ್ಟ್‌ನಲ್ಲಿ ಗುಜರಾತಿನ ಹಂಸಲಪುರದಿಂದ ಇ ವಿಟಾರಾ ಹೊರಡಿಸಿತು. ನೂರಕ್ಕೂ ಜಾಸ್ತಿ ದೇಶಗಳಿಗೆ ಕಳಿಸುವ ಗುರಿ ಇಟ್ಟಿದ್ದಾರೆ.

ಆದರೆ ಸುಂಕದ ಗೋಡೆ ನೋಡಿ ಮೈಮರೆಯಬಾರದು. 2025ರ ಏಪ್ರಿಲ್‌ನಲ್ಲಿ ಚೀನಾ ಏಳು ವಿರಳ ಲೋಹಗಳ ರಫ್ತಿಗೆ ಕಡಿವಾಣ ಹಾಕಿತು. ಮೋಟಾರಿನ ಮ್ಯಾಗ್ನೆಟ್‌ಗೆ ಅವುಗಳಲ್ಲಿ ಕೆಲವು ಬೇಕು. ನಮ್ಮ ಆಫೀಸಿನಲ್ಲಿ ಆ ಮೂರು ತಿಂಗಳು ಯಾರಿಗೂ ಸರಿಯಾಗಿ ನಿದ್ದೆ ಇರಲಿಲ್ಲ. ಕೈಬೆರಳ ಗಾತ್ರದ ಮ್ಯಾಗ್ನೆಟ್ ಬರದೆ ಪೂರ್ತಿ ಮೋಟಾರ್ ಬೆಂಚ್ ಮೇಲೆ ಕೂತಿತ್ತು. ಗಾಡಿ ನಮ್ಮದು, ಬೀಗದ ಕೈ ಬೇರೆಯವರ ಹತ್ತಿರ.

ಒಂದೇ ಗಿರಾಕಿ ನಂಬುವುದೂ ತಪ್ಪು ಅಣ್ಣಾ. ಇಲ್ಲಿ ಪುಣೆ ಹತ್ತಿರ ತಳೇಗಾವಿನಲ್ಲಿ ಜಿಎಂ (ಜನರಲ್ ಮೋಟಾರ್ಸ್) ಕಾರ್ಖಾನೆ 2020ರ ಕೊನೆಗೆ ನಿಂತಿತು. ಈಗ ಅದು ಹ್ಯುಂಡೈ ಕೈಯಲ್ಲಿದೆ. ಗೇಟಿಗೆ ಹೊಸ ಬೋರ್ಡ್ ಬಂತು. ನಡುವಿನ ವರ್ಷಗಳಲ್ಲಿ ಅವರನ್ನೇ ನಂಬಿದ್ದ ಸಣ್ಣವರು ಹೇಗೆ ನಡೆಸಿದರು ಅಂತ ಯಾರೂ ಬರೆದಿಡಲಿಲ್ಲ.


ಕೆಎ28 ಚಾಲಕ
ಬುಧವಾರ, ಬೆಳಿಗ್ಗೆ 6:30

ಎಥೆನಾಲ್ ಮತ್ತು ಕರೆಂಟು ಎರಡರಲ್ಲೂ ಓಡುವ ಏಳು ಸೀಟಿನ ಗಾಡಿ ಬಂದರೆ ನಾನು ಮೊದಲು ನೋಡುತ್ತೇನೆ. ಇಷ್ಟು ಹೇಳಬೇಕಿತ್ತು. ಸೊಲ್ಲಾಪುರ ಬಾಡಿಗೆ ಇದೆ, ಹೊರಟೆ.


ನವನಗರ ಟೀಚರ್
ಬುಧವಾರ, ಸಂಜೆ 5:50

ಎರಕದ ಅಣ್ಣಾ, ನಮ್ಮ ಮನೆಯ ಒಂದು ವಿಷಯ ಹೇಳುತ್ತೇನೆ. ಹಳೇ ಬಾಗಲಕೋಟೆಯಲ್ಲಿ ನಮ್ಮಪ್ಪನ ಬಟ್ಟೆ ಅಂಗಡಿ ಇತ್ತು. ಆಲಮಟ್ಟಿ ಹಿನ್ನೀರಿಗೆ ಮುಳುಗಡೆ ಅಂತ ನೋಟಿಸು ಬಂದು ಎಷ್ಟೋ ವರ್ಷವಾಗಿತ್ತು. ನೀರು ಮಾತ್ರ ಬಂದಿರಲಿಲ್ಲ. ಬರುವುದೇ ಇಲ್ಲ ಅಂತ ಕೆಲವರು. ನಾಳೆಯೇ ಬರುತ್ತದೆ ಅಂತ ಹೆದರಿ ಸಿಕ್ಕ ಬೆಲೆಗೆ ಮಾರಿದವರು ಕೆಲವರು. ಅಪ್ಪ ಹಳೇ ಅಂಗಡಿ ನಡೆಸುತ್ತಲೇ ನವನಗರದಲ್ಲಿ ಒಂದು ಸಣ್ಣ ಶೆಟರ್ ತೆಗೆದರು. ವಾರಕ್ಕೆ ಎರಡು ದಿನ ಅಲ್ಲಿ ಕೂರುತ್ತಿದ್ದರು. ಗಿರಾಕಿ ಇಲ್ಲ, ರಸ್ತೆ ಇಲ್ಲ, ಬರೀ ಧೂಳು. ಅವ್ವ ದಿನಾ ಬೈಯುತ್ತಿದ್ದಳು. ನೀರು ಬಂದ ವರ್ಷ ನಮ್ಮ ಖಾತೆ ಪುಸ್ತಕದಲ್ಲಿ ಹೊಸ ಊರಿನ ಗಿರಾಕಿಗಳ ಹೆಸರು ಆಗಲೇ ಇದ್ದವು.

ನೀವು ಮ್ಯಾನಿಫೋಲ್ಡ್ ಈಗಲೇ ಬಿಡಬೇಡಿ. ವಾರಕ್ಕೆ ಎರಡು ದಿನ ಎಸ್‌ಜಿಗೆ ಕೊಡಿ.


ಉದ್ಯಮಬಾಗದ ಎರಕದವ
ಮೂರು ವಾರದ ನಂತರ, ಶನಿವಾರ, ರಾತ್ರಿ 9:30

ಕೆಲಸದ ಗಡಿಬಿಡಿಯಲ್ಲಿ ತಡವಾಯಿತು, ಕ್ಷಮಿಸಿ.

ಟೀಚರಮ್ಮ ಹೇಳಿದ ಹಾಗೆ ಬುಧವಾರ, ಶನಿವಾರ ಎರಡು ದಿನ ಎಸ್‌ಜಿಗೆ ಇಟ್ಟೆವು. ಪುಣೆಯ ತಮ್ಮ ಒಂದು ಡಿಫರೆನ್ಷಿಯಲ್ ಕೇಸಿನ ಡ್ರಾಯಿಂಗ್ ಯಾರಲ್ಲಿ ಕೇಳಬೇಕು ಅಂತ ತಿಳಿಸಿದರು. ಆರ್ಡರ್ ಅಲ್ಲ, ಸ್ಯಾಂಪಲ್ ಮಾಡಿ ತೋರಿಸಿ ಅಂದಿದ್ದಾರೆ ಅಷ್ಟೇ. ಮೇಸ್ತ್ರಿ ಅಜ್ಜಾರು ಎರಡು ಬುಧವಾರ ಖುದ್ದಾಗಿ ಶಾಪಿಗೆ ಬಂದರು. ಮೊದಲು ಮಾಡಿದ ಕೆಲಸ ಏನು ಗೊತ್ತಾ, ಮೋಲ್ಡುಗಳನ್ನು ಕುಲುಮೆ ಹತ್ತಿರಕ್ಕೆ ಎಳೆಸಿದರು. ಒಂದು ಲೇಡಲ್‌ಗೆ ಆರೇ ಮೋಲ್ಡ್ ಅಂತ ಹೇಳಿದರು. ಗೋಡೆಗೆ ಒಂದು ದೊಡ್ಡ ಗಡಿಯಾರ ಹೊಡೆಸಿದರು. ಮೆಗ್ನೀಸಿಯಂ ಹಾಕಿದ ಕೂಡಲೇ ಬೆಳ್ಳನೆ ಬೆಳಕು ಎದ್ದು ಹೊಗೆ ಮಾಡಿಗೆ ಮುಟ್ಟಿತು. ಒಬ್ಬ ಹುಡುಗ ನಿಮಿಷ ಕೂಗುತ್ತಾ ನಿಂತ. ಆರನೇ ಮೋಲ್ಡ್ ತುಂಬಿದಾಗ ಏಳು ನಿಮಿಷ ಇಪ್ಪತ್ತು ಸೆಕೆಂಡ್.

ಪ್ರತಿ ತುಂಡಿಗೂ ಈ ಸಲ ನಂಬರ್ ಹಾಕಿದ್ದೇವೆ. ಆರನೇ ಸೆಮ್ ಹುಡುಗ ತನ್ನ ಕಾಲೇಜಿನ ಲ್ಯಾಬಿನಲ್ಲಿ ಕತ್ತರಿಸಿ, ಪಾಲಿಶ್ ಮಾಡಿ ಮೈಕ್ರೋಸ್ಕೋಪ್ ಕೆಳಗೆ ಇಟ್ಟ. ನನ್ನನ್ನೂ ಕರೆದ. ಇಷ್ಟು ವರ್ಷ ಎರಕ ಮಾಡಿದ್ದೇನೆ, ಕಬ್ಬಿಣದ ಒಳಗನ್ನು ಹೀಗೆ ನೋಡಿರಲಿಲ್ಲ. ಬೂದು ಬಣ್ಣದ ನೆಲದ ಮೇಲೆ ಕರಿ ಸಾಸಿವೆ ಚೆಲ್ಲಿದ ಹಾಗೆ ಗುಂಡು ಗುಂಡು ಚುಕ್ಕೆ. ಡ್ರಾಯಿಂಗಿನಲ್ಲಿ ನೂರಕ್ಕೆ 85 ಗುಂಡಗೆ ಇರಬೇಕು ಅಂತ ಕೇಳಿದ್ದಾರೆ. ಒಂದರಿಂದ ಐದು ನಂಬರ್ ಪಾಸ್. ಆರನೆಯದು 78. ಅದರಲ್ಲಿ ಕೆಲವು ಚುಕ್ಕೆ ಹುಳುವಿನ ಹಾಗೆ ಉದ್ದ ಎಳೆದುಕೊಂಡಿವೆ.

ಅಜ್ಜಾರಿಗೆ ಫೋನ್ ಮಾಡಿ ಹೇಳಿದೆ. ಮುಂದಿನ ಬುಧವಾರ ಐದೇ ಮೋಲ್ಡ್ ಇಡಿ, ಕಬ್ಬಿಣ ಹಾಕುವ ಮೊದಲು ಖಾಲಿ ಲೇಡಲನ್ನು ಇನ್ನೂ ಸ್ವಲ್ಪ ಹೊತ್ತು ಬಿಸಿ ಮಾಡಿ ಅಂದರು. ಹುಡುಗನೂ ಬರುತ್ತಾನಂತೆ, ಈ ಸಲ ಅವನ ಅಪ್ಪನೂ ನೋಡಲು ಬರುತ್ತೇನೆ ಅಂದಿದ್ದಾರೆ.